ಹಗ್ಗದ ತುದಿಯ ಹಾರಾಟ: ಅಪಾಯ ಸಾಹಸಿಯೊಬ್ಬನದೇ ಅಲ್ಲ

1990ರ ದಶಕದಲ್ಲಿ ದೂರದರ್ಶನದ ಭಾನುವಾರದ ಕಾರ್ಯಕ್ರಮಗಳನ್ನು ನೋಡಿ ಬೆಳೆದವರಿಗೆ ‘ಟೇಲ್‌ಸ್ಪಿನ್’ ಎಂಬ ಕಾರ್ಟೂನ್ ಸರಣಿ ನೆನಪಿರಬಹುದು. ಅದರಲ್ಲಿ ಕಿಟ್ ಎಂಬ ಕರಡಿ ಬಾಲಕ ವಿಮಾನದ ಹಿಂದೆ ಕಟ್ಟಿದ ಹಗ್ಗವನ್ನು ಹಿಡಿದು, ಸಣ್ಣದೊಂದು ಹಲಗೆಯ ಮೇಲೆ ನಿಂತು ಮೋಡಗಳ ನಡುವೆ ಜಾರಾಡುತ್ತಿದ್ದ. ಮಕ್ಕಳು ನಕ್ಕು ಮರೆತ ಆ ದೃಶ್ಯವನ್ನು ಅಮೆರಿಕದ ಅಲಬಾಮಾ ರಾಜ್ಯದ ವೈಮಾನಿಕ ಎಂಜಿನಿಯರ್ ಒಬ್ಬರು ಮರೆಯಲಿಲ್ಲ. ‘ವಿಂಗ್‌ಬೋರ್ಡ್’ ಎಂಬ ಹೆಸರಿನಲ್ಲಿ ಅವರು ರೂಪಿಸಿದ ಸಾಧನ 2015ರ ಸುಮಾರಿಗೆ ಜಗತ್ತಿನ ಗಮನ ಸೆಳೆಯಿತು. ರೆಕ್ಕೆಯ ಆಕಾರದ ಹಲಗೆ, ಅದರ ಮೇಲೆ ಕಾಲುಗಳನ್ನು ಬಿಗಿದುಕೊಂಡು ನಿಂತ ಮನುಷ್ಯ, ಮುಂದೆ ಹಗ್ಗ ಎಳೆಯುವ ಸಣ್ಣ ವಿಮಾನ. ನೀರಿನ ಮೇಲೆ ದೋಣಿಯ ಹಿಂದೆ ಆಡುವ ಆಟವನ್ನು ಆಕಾಶಕ್ಕೆ ಏರಿಸುವುದೇ ಇದರ ಉದ್ದೇಶ. ಆರನೇ ಒಂದರಷ್ಟು ಗಾತ್ರದ ಮಾದರಿಯನ್ನು ರೇಡಿಯೋ ನಿಯಂತ್ರಿತ ವಿಮಾನದ ಹಿಂದೆ ಹಾರಿಸಿಯೂ ತೋರಿಸಲಾಯಿತು.

ಇಂತಹ ಸಾಧನಗಳ ಸುದ್ದಿ ಬಂದಾಗಲೆಲ್ಲ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಸಾಹಸಿಯ ಧೈರ್ಯವನ್ನು ಕೆಲವರು ಕೊಂಡಾಡಿದರೆ, ಅದು ಹುಚ್ಚುತನವೆಂದು ಮತ್ತೆ ಕೆಲವರು ಜರೆಯುತ್ತಾರೆ. ‘ಅವನ ಪ್ರಾಣ, ಅವನ ಇಷ್ಟ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ವಿಮಾನಕ್ಕೆ ಹಗ್ಗ ಕಟ್ಟಿದ ಕ್ಷಣದಿಂದ ಆ ವಾದ ನಿಲ್ಲುವುದಿಲ್ಲ. ಏಕೆಂದರೆ ಹಗ್ಗದ ಇನ್ನೊಂದು ತುದಿಯಲ್ಲಿ ಮತ್ತೊಬ್ಬ ಮನುಷ್ಯನಿರುತ್ತಾನೆ. ಹಿಂದಿನವನ ಒಂದು ತಪ್ಪು ಮುಂದಿನವನನ್ನು ಕೊಲ್ಲಬಲ್ಲದು. ಇವರಿಬ್ಬರ ಕೆಳಗೆ, ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕದ ಜನರಿರುತ್ತಾರೆ.

ಹಗ್ಗ ಕಟ್ಟಿ ಮನುಷ್ಯನನ್ನು ಮೇಲೇರಿಸುವ ಪ್ರಯತ್ನ ವಿಮಾನಕ್ಕಿಂತಲೂ ಹಳೆಯದು. ಇಂಗ್ಲೆಂಡಿನ ಪರ್ಸಿ ಪಿಲ್ಚರ್ ತಾನು ನಿರ್ಮಿಸಿದ ‘ಹಾಕ್’ ಎಂಬ ಗ್ಲೈಡರನ್ನು ಕುದುರೆಗಳಿಂದ ಎಳೆಸಿ ಗಾಳಿಗೇರಿಸುತ್ತಿದ್ದ. 1899ರ ಸೆಪ್ಟೆಂಬರ್ 30ರಂದು ಸ್ಟ್ಯಾನ್‌ಫರ್ಡ್ ಹಾಲ್ ಎಂಬಲ್ಲಿ ಆತ ಎಂಜಿನ್ ಅಳವಡಿಸಿದ ಹೊಸ ಯಂತ್ರವನ್ನು ಗಣ್ಯರ ಮುಂದೆ ಪ್ರದರ್ಶಿಸಬೇಕಿತ್ತು. ಕೆಲವೇ ದಿನಗಳ ಹಿಂದೆ ಎಂಜಿನ್ ಕೆಟ್ಟಿತ್ತು. ಅಂದು ಹವಾಮಾನವೂ ಅನುಕೂಲಕರವಾಗಿರಲಿಲ್ಲ. ಆದರೂ ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗದೆ ಪಿಲ್ಚರ್ ಮಳೆಯಲ್ಲಿ ನೆನೆದ ಹಳೆಯ ಗ್ಲೈಡರನ್ನೇ ಏರಿದ. ಗಾಳಿಯಲ್ಲಿ ಬಾಲದ ಭಾಗ ಮುರಿದು ಕೆಳಗುರುಳಿ ಎರಡು ದಿನಗಳ ನಂತರ ಆತ ಅಸುನೀಗಿದ. ಪ್ರಯೋಗವು ಪ್ರದರ್ಶನವಾಗಿ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಇದು ಬಹುಶಃ ಮೊದಲ ಉದಾಹರಣೆ. ಕೊನೆಯದಂತೂ ಆಗಲಿಲ್ಲ. 1937ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿಯ ವ್ಯಾನ್‌ಸೆನ್‌ನಲ್ಲಿ ಬಾವಲಿ ರೆಕ್ಕೆಯ ಉಡುಪು ಧರಿಸಿ ಜಿಗಿದ ಅಮೆರಿಕದ ಕ್ಲೆಮ್ ಸೋನ್ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಪ್ರೇಕ್ಷಕರ ಕಣ್ಣೆದುರೇ ಸತ್ತ. 1956ರ ಮೇ 21ರಂದು ಲಿವರ್‌ಪೂಲ್‌ನ ವೈಮಾನಿಕ ಪ್ರದರ್ಶನದಲ್ಲಿ ಫ್ರಾನ್ಸಿನ ಲಿಯೋ ವಾಲೆಂಟಿನ್ ಜಿಗಿಯುವಾಗ ಮರದ ರೆಕ್ಕೆ ವಿಮಾನದ ಬಾಗಿಲಿಗೆ ತಾಗಿ ಮುರಿಯಿತು, ಆತನೂ ಉಳಿಯಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ನಡೆಸಿದ ಒಂದು ಪ್ರಯೋಗವಂತೂ ಇಂದಿನ ವಿಷಯಕ್ಕೆ ತೀರ ಹತ್ತಿರದ್ದು. ರಾವುಲ್ ಹಾಫ್ನರ್ ಎಂಬ ವಿನ್ಯಾಸಕಾರ ಒಬ್ಬ ಸೈನಿಕನನ್ನು ಹೊತ್ತು ಇಳಿಯಬಲ್ಲ, ತಿರುಗುವ ರೆಕ್ಕೆಯ ‘ರೋಟಾಚೂಟ್’ ಎಂಬ ಪುಟ್ಟ ಸಾಧನವನ್ನು ತಯಾರಿಸಿದ. ಮೊದಲು ನೆಲದ ವಾಹನದ ಹಿಂದೆ, ಬಳಿಕ 1942ರಲ್ಲಿ ಟೈಗರ್ ಮಾತ್ ವಿಮಾನದ ಹಿಂದೆ ಹಗ್ಗ ಕಟ್ಟಿ ಅದನ್ನು ಹಾರಿಸಲಾಯಿತು. ಹಂತ ಹಂತವಾಗಿ ಹಲವು ಬಾರಿ ವಿನ್ಯಾಸ ಬದಲಾಯಿತು. ನೆಲ ಮುಟ್ಟುವಾಗ ಮಗುಚಿ ಬೀಳುವುದನ್ನು ತಪ್ಪಿಸಲು, ಎಳೆತದಲ್ಲಿ ಸ್ಥಿರತೆ ತರಲು ಬಾಲವನ್ನೂ ಚಕ್ರಗಳನ್ನೂ ಸೇರಿಸಲಾಯಿತು. ಕಡೆಗೂ ಅದು ಯುದ್ಧರಂಗ ಕಾಣಲಿಲ್ಲ. ಯುದ್ಧದ ತುರ್ತಿನ ನಡುವೆಯೂ ಒಂದು ಸರ್ಕಾರ ಇಷ್ಟು ತಾಳ್ಮೆ ತೋರಿತೆಂಬುದು ಗಮನಾರ್ಹ.

ಎಳೆತದ ಗುಟ್ಟು

ವಿಮಾನದ ಹಿಂದೆ ಹಾರುವುದರಲ್ಲಿ ಅಂಥ ಅಪಾಯವೇನಿದೆ ಎಂದು ಕೇಳಬಹುದು. ಗ್ಲೈಡರುಗಳನ್ನು ವಿಮಾನಗಳು ದಶಕಗಳಿಂದ ಎಳೆದೊಯ್ಯುತ್ತಿಲ್ಲವೇ? ನಿಜ. ಆದರೆ ಗ್ಲೈಡರಿಗೆ ಉದ್ದನೆಯ ಬಾಲವಿದೆ, ಚುಕ್ಕಾಣಿ ಪಟ್ಟಿಗಳಿವೆ, ಚಾಲಕನು ಕವಚದೊಳಗೆ ಪಟ್ಟಿ ಬಿಗಿದು ಕುಳಿತಿರುತ್ತಾನೆ. ದೇಹದ ಭಾರವನ್ನು ಆಚೀಚೆ ಸರಿಸಿಯೇ ತಿರುಗಬೇಕಾದ ಸಾಧನಗಳ ಕಥೆ ಬೇರೆ.

ಎತ್ತಿನ ಗಾಡಿಯ ಹಿಂದೆ ಹಗ್ಗದಿಂದ ಕಟ್ಟಿದ ಮತ್ತೊಂದು ಗಾಡಿ ಓರೆಯಾದರೆ ಹಗ್ಗ ಅದನ್ನು ಮತ್ತೆ ಸಾಲಿಗೆ ಎಳೆದುಕೊಳ್ಳುತ್ತದೆ. ಆಕಾಶದಲ್ಲಿ ಹಾಗಾಗುವುದಿಲ್ಲ. ಹಿಂದಿನ ಸಾಧನ ಒಂದು ಬದಿಗೆ ವಾಲಿದರೆ ರೆಕ್ಕೆಯ ಎತ್ತುವ ಬಲವೂ ಅದೇ ಬದಿಗೆ ವಾಲುತ್ತದೆ, ಸಾಧನ ಸಾಲಿನಿಂದ ಹೊರಗೆ ಸರಿಯುತ್ತದೆ. ಹಗ್ಗ ಈಗ ಓರೆಯಾಗಿ ಎಳೆಯತೊಡಗಿ ಬಿಗಿತ ಹೆಚ್ಚುತ್ತದೆ. ಬಿಗಿತ ಹೆಚ್ಚಿದಷ್ಟೂ ವಾಲುವಿಕೆಯೂ ಹೆಚ್ಚುತ್ತದೆ. ಹ್ಯಾಂಗ್ ಗ್ಲೈಡರ್ ಹಾರಿಸುವವರು ಇದನ್ನು ‘ಲಾಕ್‌ಔಟ್’ ಎನ್ನುತ್ತಾರೆ. ಒಂದು ಮಿತಿ ದಾಟಿದ ಮೇಲೆ ಮನುಷ್ಯನ ದೇಹಭಾರ ಆ ಎಳೆತವನ್ನು ಎದುರಿಸಲಾರದು. ಹಗ್ಗ ಬಿಡುವುದೊಂದೇ ದಾರಿ, ಅದನ್ನೂ ಕೆಲವೇ ಸೆಕೆಂಡುಗಳಲ್ಲಿ ಮಾಡಬೇಕು. ಕೈಯನ್ನು ಹಿಡಿಕೆಯಿಂದ ತೆಗೆದರೆ ಇದ್ದ ಹಿಡಿತವೂ ತಪ್ಪುತ್ತದೆಂದು ಕೆಲವು ಹ್ಯಾಂಗ್ ಗ್ಲೈಡರ್ ಚಾಲಕರು ಬಾಯಲ್ಲಿ ದಾರ ಕಚ್ಚಿಕೊಂಡು, ಬಾಯಿ ತೆರೆದೊಡನೆ ಕೊಂಡಿ ಕಳಚುವ ವ್ಯವಸ್ಥೆಯನ್ನು ಬಳಸುತ್ತಾರೆ. ಆಸಕ್ತರ ಗುಂಪೊಂದು ಹಲವು ವರ್ಷ ಪಾಡುಪಟ್ಟು ಕಂಡುಕೊಂಡ ಉಪಾಯಗಳಿವು. ನಿನ್ನೆ ಹುಟ್ಟಿದ ಸಾಧನಕ್ಕೆ ಅಂತಹ ಅನುಭವದ ಬೆಂಬಲವಿರುವುದಿಲ್ಲ.

ಹ್ಯಾಂಗ್ ಗ್ಲೈಡರಿನ ಚರಿತ್ರೆಯಲ್ಲಿ ಇನ್ನೊಂದು ಪಾಠವೂ ಇದೆ. ಆಸ್ಟ್ರೇಲಿಯಾದ ಜಾನ್ ಡಿಕಿನ್‌ಸನ್ 1963ರಲ್ಲಿ ತನ್ನ ಗಾಳಿಪಟದಂಥ ರೆಕ್ಕೆಯನ್ನು ಹಾರಿಸಿದ್ದು ಮೋಟಾರು ದೋಣಿಯ ಹಿಂದೆ. ಅದನ್ನು ವಿಮಾನದ ಹಿಂದೆ ಕಟ್ಟುವುದು ಸುಲಭವಾಗಲಿಲ್ಲ. ಸಾಮಾನ್ಯ ವಿಮಾನದ ಕನಿಷ್ಠ ವೇಗವೇ ಹ್ಯಾಂಗ್ ಗ್ಲೈಡರಿಗೆ ವಿಪರೀತವಾಗುತ್ತಿತ್ತು. ಈ ಕೆಲಸಕ್ಕೆಂದೇ ನಿಧಾನವಾಗಿ ಹಾರಬಲ್ಲ ‘ಡ್ರಾಗನ್‌ಫ್ಲೈ’ ಎಂಬ ಹಗುರ ವಿಮಾನ ಬಂದ ಮೇಲಷ್ಟೇ ಆ ಪದ್ಧತಿ ವ್ಯಾಪಕವಾಯಿತು. ಎಳೆಯುವುದು ಮತ್ತು ಎಳೆಸಿಕೊಳ್ಳುವುದು ಎರಡೂ ಒಂದೇ ವೇಗದಲ್ಲಿ ನೆಮ್ಮದಿಯಿಂದ ಹಾರುವಂತಿರಬೇಕೆಂಬುದು ಇದರಿಂದ ಸ್ಪಷ್ಟ.

ವೇಗದ ಪರಿಣಾಮವನ್ನು ಅಂದಾಜು ಮಾಡುವುದು ಕಷ್ಟವಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಗೆ ಎದೆಯೊಡ್ಡಿ ನಿಂತ ವಯಸ್ಕನ ಮೇಲೆ ಸುಮಾರು 35 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ವೇಗ 160 ಕಿಲೋಮೀಟರಿಗೆ ಏರಿದರೆ ಒತ್ತಡ ಸುಮಾರು 90 ಕಿಲೋ ಆಗುತ್ತದೆ. ಅಂದರೆ ಬಹುತೇಕರ ದೇಹತೂಕಕ್ಕಿಂತ ಹೆಚ್ಚು. ಹಲಗೆಯ ಮೇಲೆ ನಿಂತವನು ಬಾಗಿದರೆ, ಕುಕ್ಕರಗಾಲಿನಲ್ಲಿ ಕುಳಿತರೆ, ಒಂದು ಕೈ ಚಾಚಿದರೆ ಈ ಲೆಕ್ಕವೆಲ್ಲ ಕ್ಷಣಾರ್ಧದಲ್ಲಿ ಬದಲಾಗುತ್ತದೆ. ವಿಮಾನದ ರೆಕ್ಕೆಗೆ ಆಯಾಸವಿಲ್ಲ, ಹೆದರಿಕೆಯೂ ಇಲ್ಲ. ಮನುಷ್ಯನ ಕಾಲಿಗೆ ಎರಡೂ ಇವೆ. ಸಣ್ಣ ಮಾದರಿಯ ಹಾರಾಟ ಎಷ್ಟೇ ಯಶಸ್ವಿಯಾದರೂ ಇದೊಂದನ್ನು ಹೇಳಲಾರದು: ನೆಲದ ಮೇಲೆ ನಿಂತು ರೇಡಿಯೋ ಗುಂಡಿ ಒತ್ತುವವನ ಮೊಣಕಾಲು ನಡುಗುವುದಿಲ್ಲ. ಹಾಗೆಂದು ಮಾದರಿಯ ಪರೀಕ್ಷೆ ನಿರರ್ಥಕವಲ್ಲ. ಮನುಷ್ಯನನ್ನು ನಿಲ್ಲಿಸುವ ಮೊದಲು ಮಾದರಿಯನ್ನು ಹಾರಿಸಿದ ವಿಂಗ್‌ಬೋರ್ಡ್ ತಯಾರಕರ ಕ್ರಮ ಸರಿಯಾದದ್ದೇ.

ಮುಂದಿನ ವಿಮಾನದ ಚಾಲಕ

ಚರ್ಚೆಗಳಲ್ಲಿ ಸದಾ ಮರೆಯಾಗುವ ವ್ಯಕ್ತಿಯೆಂದರೆ ಎಳೆಯುವ ವಿಮಾನದ ಚಾಲಕ. ಹಿಂದಿನ ಸಾಧನ ಹಠಾತ್ತನೆ ಮೇಲಕ್ಕೆ ಏರಿತೆನ್ನಿ. ಹಗ್ಗ ವಿಮಾನದ ಬಾಲವನ್ನು ಮೇಲಕ್ಕೆ ಜಗ್ಗುತ್ತದೆ, ಮೂತಿ ನೆಲದತ್ತ ತಿರುಗುತ್ತದೆ. ಚಾಲಕ ಎಷ್ಟೇ ಹಿಂದಕ್ಕೆಳೆದರೂ ನಿಯಂತ್ರಣ ದಂಡ ಕೆಲಸ ಮಾಡುವುದಿಲ್ಲ. ಬ್ರಿಟನ್ನಿನ ಗ್ಲೈಡಿಂಗ್ ವಲಯದಲ್ಲಿ ‘ಟಗ್ ಅಪ್‌ಸೆಟ್’ ಎಂದು ಕರೆಯಲಾಗುವ ಈ ಸ್ಥಿತಿಯಲ್ಲಿ ಎತ್ತರವಿದ್ದರೆ ಬಚಾವಾಗಬಹುದು. ನೆಲಕ್ಕೆ ಹತ್ತಿರದಲ್ಲಿದ್ದರೆ ಹಗ್ಗ ಕಳಚಿದರೂ ವಿಮಾನವನ್ನು ಸರಿಪಡಿಸಿಕೊಳ್ಳಲು ಜಾಗವಿರುವುದಿಲ್ಲ. ಹಗ್ಗ ವಿಪರೀತ ಬಿಗಿದಾಗ ಕೊಂಡಿಯೇ ಕಚ್ಚಿಕೊಂಡು ಕಳಚದಿರುವ ಸಂಭವವೂ ಉಂಟು. ಸಾಹಸಕ್ಕೆ ಹೊರಟವನು ಇವನಲ್ಲ. ಇವನ ಹೆಸರು ಪ್ರಚಾರ ಪತ್ರದಲ್ಲಿ ಇರುವುದಿಲ್ಲ. ಆದರೂ ಇವನ ಪ್ರಾಣ ಸುಮಾರು 60 ಮೀಟರ್ ಹಿಂದಿರುವ, ಕನ್ನಡಿಯಲ್ಲಿ ಚುಕ್ಕೆಯಂತೆ ಕಾಣುವ ಮತ್ತೊಬ್ಬನ ಕಾಲಿನ ಸಮತೋಲನವನ್ನು ನೆಚ್ಚಿಕೊಂಡಿರುತ್ತದೆ.

ಇಬ್ಬರನ್ನೂ ಕಾಪಾಡಬೇಕಾದದ್ದು ಹಗ್ಗದಲ್ಲಿ ಬೇಕೆಂದೇ ಇರಿಸಿದ ದುರ್ಬಲ ಕೊಂಡಿ, ಅಂದರೆ ‘ವೀಕ್ ಲಿಂಕ್’. ಬಿಗಿತ ಮಿತಿ ಮೀರಿದರೆ ಮೊದಲು ಅದು ಮುರಿಯಬೇಕು. ಅಮೆರಿಕದ ವಿಮಾನಯಾನ ನಿಯಮದ ಪ್ರಕಾರ ಗ್ಲೈಡರ್ ಎಳೆಯುವ ಹಗ್ಗದ ತಾಳಿಕೆ ಗ್ಲೈಡರಿನ ಪ್ರಮಾಣೀಕೃತ ಗರಿಷ್ಠ ತೂಕದ ಶೇ. 80ಕ್ಕಿಂತ ಕಡಿಮೆಯಿರಬಾರದು, ಎರಡು ಪಟ್ಟಿಗಿಂತ ಹೆಚ್ಚಿರಬಾರದು. ಹಗ್ಗ ಅದಕ್ಕಿಂತ ಬಲವಾಗಿದ್ದರೆ ದುರ್ಬಲ ಕೊಂಡಿಗಳನ್ನು ಅಳವಡಿಸಬೇಕು. ಸಾಧನವೂ ಸವಾರನೂ ಸೇರಿ 120 ಕಿಲೋ ಎಂದಿಟ್ಟುಕೊಂಡರೆ ಈ ಲೆಕ್ಕ 96 ಕಿಲೋದಿಂದ 240 ಕಿಲೋವರೆಗೆ ಹಿಗ್ಗುತ್ತದೆ. ಈ ವ್ಯಾಪ್ತಿಯಲ್ಲಿ ಯಾವುದು ಸರಿ? ಬೇಗ ಮುರಿಯುವ ಕೊಂಡಿಯಾದರೆ ಏರುತ್ತಿರುವಾಗಲೇ, ನೆಲದಿಂದ ಮೂವತ್ತು ಮೀಟರ್ ಮೇಲೆ ಸಣ್ಣ ಕುಲುಕಿಗೂ ಮುರಿದು ಸವಾರನನ್ನು ವೇಗವಿಲ್ಲದೆ ಬಿಟ್ಟುಬಿಡುತ್ತದೆ. ಗಟ್ಟಿಯಾದರೆ ಲಾಕ್‌ಔಟ್ ಆದಾಗಲೂ ಮುರಿಯುವುದಿಲ್ಲ. ಗ್ಲೈಡರಿನ ವಿಷಯದಲ್ಲಿ ಇದಕ್ಕೆ ಅನುಭವವೇ ಉತ್ತರ ಕೊಟ್ಟಿದೆ. ಪ್ರಮಾಣೀಕೃತ ತೂಕವೆಂಬುದೇ ಇಲ್ಲದ ಪ್ರಾಯೋಗಿಕ ಸಾಧನಕ್ಕೆ ನಿಯಮ ಹೇಳುವ ಶೇಕಡಾವಾರು ಯಾವುದರ ಶೇಕಡಾವಾರು?

ಅಮೆರಿಕದ ಕಾನೂನಿನಲ್ಲಿರುವ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. 155 ಪೌಂಡ್, ಅಂದರೆ ಸುಮಾರು 70 ಕಿಲೋಗಿಂತ ಹಗುರವಾದ ಎಂಜಿನ್‌ರಹಿತ ಒಂಟಿ ಸವಾರನ ಸಾಧನವನ್ನು ‘ಅಲ್ಟ್ರಾಲೈಟ್’ ಎಂದು ಪರಿಗಣಿಸಲಾಗುತ್ತದೆ. ಅದನ್ನು ಹಾರಿಸಲು ಪರವಾನಗಿ ಬೇಕಿಲ್ಲ, ಸಾಧನಕ್ಕೆ ಅರ್ಹತಾ ಪತ್ರವೂ ಬೇಕಿಲ್ಲ. ಜನವಸತಿ ಮತ್ತು ಜನಸಮೂಹದ ಮೇಲೆ ಮಾತ್ರ ಹಾರುವಂತಿಲ್ಲ. ಅದೇ ಸಾಧನವನ್ನು ಎಳೆಯುವ ಚಾಲಕನಿಗಾದರೋ ಪರವಾನಗಿ ಬೇಕು, 100 ಗಂಟೆಗಳ ಅನುಭವ ಬೇಕು, ಎಳೆತದ ವಿಶೇಷ ತರಬೇತಿ ಬೇಕು. ಗ್ಲೈಡರ್ ಅಥವಾ ಎಂಜಿನ್‌ರಹಿತ ಅಲ್ಟ್ರಾಲೈಟ್ ಅಲ್ಲದ ಏನನ್ನಾದರೂ ಎಳೆಯಬೇಕೆಂದರೆ ಪ್ರತ್ಯೇಕ ವಿನಾಯಿತಿ ಪತ್ರವೇ ಬೇಕು. ಹೀಗೆ ಹಗ್ಗದ ಮುಂದಿನ ತುದಿಗೆ ನಿಯಮಗಳ ಸರಮಾಲೆ, ಹಿಂದಿನ ತುದಿಗೆ ಬಹುಮಟ್ಟಿಗೆ ಸ್ವಾತಂತ್ರ್ಯ. ಒಬ್ಬನೇ ಹಾರುವಾಗ ಈ ಸ್ವಾತಂತ್ರ್ಯಕ್ಕೆ ಅರ್ಥವಿದೆ. ಇನ್ನೊಬ್ಬನ ಬಾಲಕ್ಕೆ ಕಟ್ಟಿಕೊಂಡು ಹಾರುವಾಗ ಅದನ್ನು ಸಮರ್ಥಿಸುವುದು ಕಷ್ಟ.

ಏಳು ಸೆಕೆಂಡು

ಪ್ಯಾರಾಚೂಟ್ ಇದೆಯಲ್ಲ ಎಂಬುದು ಇಂತಹ ಸಾಧನಗಳ ಪ್ರಚಾರಕರು ಸಾಮಾನ್ಯವಾಗಿ ಕೊಡುವ ಸಮಾಧಾನ. ಅಮೆರಿಕದ ಪ್ಯಾರಾಚೂಟ್ ಕ್ರೀಡಾ ವಲಯದಲ್ಲಿ ನುರಿತವರೂ ಸಾಮಾನ್ಯವಾಗಿ 2,500 ಅಡಿ, ಅಂದರೆ ಸುಮಾರು 760 ಮೀಟರ್ ಎತ್ತರಕ್ಕೆ ಮುನ್ನವೇ ಪ್ಯಾರಾಚೂಟ್ ಬಿಚ್ಚಬೇಕು. ನೆಲದಿಂದ ಹೊರಡುವ ಯಾವುದೇ ಎಳೆತದ ಸಾಧನ ಈ ಎತ್ತರ ತಲುಪುವವರೆಗಿನ ಹಾದಿಯನ್ನು ಪ್ಯಾರಾಚೂಟಿನ ಖಾತರಿಯಿಲ್ಲದೆಯೇ ಕ್ರಮಿಸಬೇಕು. 60 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಮೂರೂವರೆ ಸೆಕೆಂಡು ಸಾಕು. 240 ಮೀಟರಿನಿಂದಾದರೆ ಏಳು ಸೆಕೆಂಡು. ಅಷ್ಟರಲ್ಲಿ ತಪ್ಪನ್ನು ಗುರುತಿಸಬೇಕು, ಹಗ್ಗ ಬಿಡಬೇಕು, ಸಾಧನದಿಂದ ಕಳಚಿಕೊಳ್ಳಬೇಕು, ಪ್ಯಾರಾಚೂಟ್ ಎಳೆಯಬೇಕು, ಅದು ಅರಳಬೇಕು.

240 ಮೀಟರ್ ಎಂಬುದು ಕೈಗೆ ಬಂದ ಸಂಖ್ಯೆಯಲ್ಲ. 2020ರ ನವೆಂಬರ್ 17ರಂದು ದುಬೈನಲ್ಲಿ ಜೆಟ್ ರೆಕ್ಕೆಯ ತರಬೇತಿ ಹಾರಾಟದಲ್ಲಿ ಫ್ರಾನ್ಸಿನ ವಿನ್ಸೆಂಟ್ ರೆಫೆ ನಿಯಂತ್ರಣ ಕಳೆದುಕೊಂಡದ್ದು ಸರಿಸುಮಾರು ಅದೇ ಎತ್ತರದಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ನೆಲದಿಂದಲೇ ಮೇಲೇರಿ 1,800 ಮೀಟರ್ ತಲುಪಿ ಜಗತ್ತನ್ನು ಬೆರಗುಗೊಳಿಸಿದವರು ಅವರು. ಪ್ಯಾರಾಚೂಟ್ ಕ್ರೀಡೆಯಲ್ಲಿ ವಿಶ್ವ ಚಾಂಪಿಯನ್ ಕೂಡ ಆಗಿದ್ದರು. ಅವರ ಬೆನ್ನಿಗೂ ಪ್ಯಾರಾಚೂಟ್ ಇತ್ತು. ಅದು ಅವರನ್ನು ಉಳಿಸಲಿಲ್ಲ. ಆ ಸಾಧನ ಹಗ್ಗದ್ದಲ್ಲ, ಎಂಜಿನ್ನಿನದು. ಆದರೆ ಗಾಳಿಯಲ್ಲಿರುವಾಗ ಎಡವಿದ ಮನುಷ್ಯನಿಗೆ ಸಿಗುವ ಸಮಯ ಎರಡರಲ್ಲೂ ಒಂದೇ. ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ಯುಎಇಯ ನಾಗರಿಕ ವಿಮಾನಯಾನ ಸಂಸ್ಥೆ ಈ ಪ್ರಕರಣವನ್ನು ವಿಮಾನ ಅಪಘಾತದಂತೆಯೇ ತನಿಖೆ ನಡೆಸಿ ವರದಿ ಪ್ರಕಟಿಸಿತು. ಬಹುತೇಕ ಪ್ರಯೋಗಗಳ ಅವಘಡಗಳಿಗೆ ಈ ಭಾಗ್ಯವಿಲ್ಲ.

ಇನ್ನು ಫೆಲಿಕ್ಸ್ ಬೌಮ್‌ಗಾರ್ಟ್ನರ್. 2003ರ ಜುಲೈನಲ್ಲಿ ಕಾರ್ಬನ್ ರೆಕ್ಕೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆ ದಾಟಿದ, 2012ರ ಅಕ್ಟೋಬರ್‌ನಲ್ಲಿ 39 ಕಿಲೋಮೀಟರ್ ಎತ್ತರದಿಂದ ಜಿಗಿದು ಬದುಕಿ ಬಂದ ಆತ 2025ರ ಜುಲೈ 17ರಂದು ಇಟಲಿಯ ಪೋರ್ಟೋ ಸಾಂತ್ ಎಲ್ಪಿದಿಯೊದಲ್ಲಿ ಮೃತಪಟ್ಟದ್ದು ಪ್ಯಾರಾಮೋಟರ್ ಹಾರಾಟದಲ್ಲಿ. ಬಿದ್ದದ್ದು ಹೋಟೆಲೊಂದರ ಈಜುಕೊಳದ ಬಳಿ. ಅಲ್ಲಿದ್ದ ಸಿಬ್ಬಂದಿಯೊಬ್ಬರಿಗೂ ಪೆಟ್ಟಾಯಿತು. ಜಗತ್ತಿನ ಪತ್ರಿಕೆಗಳಲ್ಲಿ ಸಾಹಸಿಯ ಜೀವನಕಥೆ ಪುಟಗಟ್ಟಲೆ ಬಂತು. ಗಾಯಗೊಂಡವರ ಸುದ್ದಿ ಒಂದೆರಡು ಸಾಲಿನಲ್ಲಿ ಮುಗಿಯಿತು.

ನಮ್ಮಲ್ಲಿ ಏನಿದೆ?

ವಿಮಾನದ ಹಿಂದೆ ಮನುಷ್ಯನನ್ನು ಹಲಗೆಯ ಮೇಲೆ ನಿಲ್ಲಿಸಿ ಎಳೆಯುವ ಆಟ ಅಮೆರಿಕದ ಕನಸು, ಭಾರತಕ್ಕೇನು ಸಂಬಂಧ ಎಂದು ಕೈತೊಳೆದುಕೊಳ್ಳುವಂತಿಲ್ಲ. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2022ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ರಾಷ್ಟ್ರೀಯ ವಾಯು ಕ್ರೀಡಾ ನೀತಿಯ ಪಟ್ಟಿಯಲ್ಲಿ ಗ್ಲೈಡಿಂಗ್, ಹ್ಯಾಂಗ್ ಗ್ಲೈಡಿಂಗ್, ಪ್ಯಾರಾಗ್ಲೈಡಿಂಗ್, ಪ್ಯಾರಾಮೋಟರಿಂಗ್ ಮತ್ತು ಸ್ಕೈಡೈವಿಂಗ್ ಜೊತೆಗೆ ‘ಹವ್ಯಾಸಿಗಳು ನಿರ್ಮಿಸಿದ ಹಾಗೂ ಪ್ರಾಯೋಗಿಕ ವಿಮಾನ’ಗಳೂ ಸೇರಿವೆ. ಮೇಲೆ ಭಾರತೀಯ ವಾಯು ಕ್ರೀಡಾ ಒಕ್ಕೂಟ, ಅದರ ಕೆಳಗೆ ಪ್ರತಿ ಕ್ರೀಡೆಗೊಂದು ರಾಷ್ಟ್ರೀಯ ಸಂಘ, ಆ ಬಳಿಕ ಪ್ರಾದೇಶಿಕ ಅಥವಾ ರಾಜ್ಯ ಘಟಕಗಳು, ಜಿಲ್ಲಾ ಮಟ್ಟದ ಸಂಘಗಳು ಎಂಬ ನಾಲ್ಕು ಹಂತಗಳ ವ್ಯವಸ್ಥೆಯನ್ನು ನೀತಿ ರೂಪಿಸಿದೆ. ದೇಶದಲ್ಲಿ ವಾಯು ಕ್ರೀಡೆ ಬೆಳೆಯಬೇಕೆಂಬ ಆಶಯ ಸ್ವಾಗತಾರ್ಹವೇ. ತೊಡಕಿರುವುದು ಬೇರೆಡೆ. ಕ್ರೀಡೆಯನ್ನು ಬೆಳೆಸಬೇಕಾದ ಸಂಘವೇ ಅದರ ಸುರಕ್ಷತೆಯ ಕಾವಲುಗಾರನೂ ಆಗಬೇಕೆಂದರೆ, ಬೇಲಿಗೂ ಬೆಳೆಗೂ ಒಬ್ಬನೇ ಯಜಮಾನನಾದಂತೆ. ಹೊಸ ಸಾಧನವೊಂದನ್ನು ಮೊದಲು ಹಾರಿಸಲು ಬಂದವನಿಗೆ ‘ಬೇಡ’ ಎನ್ನುವ ಧೈರ್ಯ ಅಂತಹ ಸಂಘಕ್ಕೆ ಎಷ್ಟರಮಟ್ಟಿಗೆ ಇದ್ದೀತು?

ದೇಶದ ಅನುಭವ ಇಲ್ಲಿ ಅಷ್ಟೇನೂ ಆಶಾದಾಯಕವಾಗಿಲ್ಲ. 2021ರ ನವೆಂಬರ್‌ನಲ್ಲಿ ದಿಯುವಿನ ನಗೋವಾ ಕಡಲತೀರದಲ್ಲಿ ದೋಣಿಗೆ ಕಟ್ಟಿದ್ದ ಪ್ಯಾರಾಸೇಲಿಂಗ್ ಹಗ್ಗ ತುಂಡಾಗಿ ದಂಪತಿ ಮೇಲಕ್ಕೆ ಹಾರಿ ಸಮುದ್ರಕ್ಕೆ ಬಿದ್ದ ದೃಶ್ಯವನ್ನು ದೇಶವೇ ಮೊಬೈಲಿನಲ್ಲಿ ನೋಡಿತು. ಜೀವರಕ್ಷಕ ಅಂಗಿ ಇದ್ದುದರಿಂದ ಅವರು ಉಳಿದರು. ನೆಲದ ಮೇಲಾಗಿದ್ದರೆ? ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 2020ರ ಅಕ್ಟೋಬರ್ 2ರಂದು ಕಾರವಾರದ ಕಡಲತೀರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. 2025ರ ಜನವರಿಯಲ್ಲಿ ಗೋವಾದ ಕೇರಿ ಪ್ರಸ್ಥಭೂಮಿಯಲ್ಲಿ ಪ್ಯಾರಾಗ್ಲೈಡರ್ ಉರುಳಿ ಪ್ರವಾಸಿ ಯುವತಿಯೂ ಚಾಲಕನೂ ಸತ್ತಾಗ ಸುದ್ದಿ ಮುಗಿದದ್ದು ಪೊಲೀಸ್ ಪ್ರಕರಣದಲ್ಲಿ. ಪೊಲೀಸ್ ತನಿಖೆ ತಪ್ಪಿತಸ್ಥನನ್ನು ಹುಡುಕುತ್ತದೆ. ಹಗ್ಗ ಎಷ್ಟು ಹಳೆಯದಾಗಿತ್ತು, ಗಾಳಿ ಹೇಗಿತ್ತು, ಯಾವ ಕೊಂಡಿ ಯಾವ ಭಾರಕ್ಕೆ ಮುರಿಯಿತು ಎಂಬುದನ್ನು ಮುಂದಿನವರಿಗಾಗಿ ಬರೆದಿಡುವುದು ಅದರ ಕೆಲಸವಲ್ಲ. ಆ ಕೆಲಸಕ್ಕೆಂದೇ ವಿಮಾನ ಅಪಘಾತ ತನಿಖಾ ದಳವಿದೆ, ತನಿಖಾ ನಿಯಮಗಳಿವೆ. 1934ರ ವಿಮಾನ ಕಾಯ್ದೆಯ ಬದಲಿಗೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವೂ ಜಾರಿಯಲ್ಲಿದೆ. ಕಡಲತೀರದ, ಬೆಟ್ಟದ ಅಂಚಿನ ಹಾರಾಟಗಳ ಪ್ರತಿ ಸಾವೂ, ಸಾವಿನಂಚಿಗೆ ಹೋಗಿ ಬಂದ ಪ್ರತಿ ಘಟನೆಯೂ ಈ ಬಗೆಯ ತನಿಖೆಗೆ ಒಳಪಟ್ಟು ವರದಿ ಬಹಿರಂಗವಾಗಬೇಕು.

ಪ್ರಾಯೋಗಿಕ ಸಾಧನಗಳಿಗೆ ನಿಷೇಧವೇ ಮದ್ದು ಎನ್ನುವವರೂ ಇದ್ದಾರೆ. ಅದು ಅವಸರದ ಮಾತು. ನಿಷೇಧಿಸಿದರೆ ಪ್ರಯೋಗ ನಿಲ್ಲದು, ಯಾರೂ ನೋಡದ ಹೊಲಕ್ಕೋ ಕೆರೆಯಂಗಳಕ್ಕೋ ಸ್ಥಳಾಂತರವಾಗುತ್ತದೆ. ಬೇಕಿರುವುದು ಹಂತಗಳು: ಮೊದಲು ಸಣ್ಣ ಮಾದರಿ, ನಂತರ ಪೂರ್ಣ ಗಾತ್ರದ ಸಾಧನದ ಮೇಲೆ ಮನುಷ್ಯನ ತೂಕದ ಬೊಂಬೆ, ಆಮೇಲೆ ಪ್ಯಾರಾಚೂಟ್ ಅರಳಲು ಎಡೆಯಿರುವ ಎತ್ತರದಲ್ಲಿ ಮಾತ್ರ ಮನುಷ್ಯ. ನೆಲದಿಂದ ಹಾರುವುದು ಎಲ್ಲಕ್ಕಿಂತ ಕೊನೆಗೆ. ಹಗ್ಗವನ್ನು ಇಬ್ಬರೂ ಸ್ವತಂತ್ರವಾಗಿ ಕಳಚುವಂತಿರಬೇಕು, ಆ ಕೊಂಡಿಯನ್ನು ಗರಿಷ್ಠ ಬಿಗಿತದಲ್ಲಿ ನೆಲದ ಮೇಲೆ ಪರೀಕ್ಷಿಸಿರಬೇಕು. ಹಾರಾಟ ರದ್ದುಪಡಿಸುವ ಅಧಿಕಾರ ಪ್ರಾಯೋಜಕನ ಕೈಯಲ್ಲಾಗಲೀ ಸಂಶೋಧಕನ ಕೈಯಲ್ಲಾಗಲೀ ಇರಬಾರದು. ಎಳೆಯುವ ವಿಮಾನದ ಚಾಲಕನಿಗೆ ಅದು ಮೊದಲು ಸಲ್ಲಬೇಕು. ಪ್ರೇಕ್ಷಕರನ್ನು ಕರೆಯುವುದು ಪ್ರಯೋಗ ಮುಗಿದು, ಅದರ ದಾಖಲೆಗಳನ್ನು ಹೊರಗಿನವರು ಓದಿದ ಮೇಲಷ್ಟೇ.

ಇದಕ್ಕೆಲ್ಲ ಖರ್ಚು ತಗಲುತ್ತದೆ, ಸಮಯ ಹಿಡಿಯುತ್ತದೆ. ಜನರಿಂದ ಸಣ್ಣಪುಟ್ಟ ಮೊತ್ತ ಸಂಗ್ರಹಿಸಿ ಸಾಧನ ಕಟ್ಟುವ ಇಂದಿನ ಸಂಶೋಧಕರಿಗೆ ಇವೆರಡೂ ಕಡಿಮೆ. ಹಣ ಕೊಟ್ಟವರು ವಿಡಿಯೋ ಕೇಳುತ್ತಾರೆ, ಬೊಂಬೆ ಹಾರಿದ ವಿಡಿಯೋಗೆ ಬೆಲೆಯಿಲ್ಲ. ವಾಯು ಕ್ರೀಡಾ ಒಕ್ಕೂಟ ಪ್ರಾಯೋಗಿಕ ಸಾಧನಗಳಿಗೆ ಪ್ರತ್ಯೇಕ ನಿಯಮಾವಳಿ ರಚಿಸುವುದಾದರೆ ಮೊದಲ ಪುಟದಲ್ಲಿ ಬರೆಯಬೇಕಾದದ್ದು ಹಿಂದೆ ನಿಂತ ಸವಾರನ ಅರ್ಹತೆಯನ್ನಲ್ಲ. ಮುಂದೆ ಕುಳಿತ ಚಾಲಕನ ವಿಮೆಯನ್ನು ಯಾರು ಕಟ್ಟಬೇಕು, ಅವನು ಹಗ್ಗ ಬಿಟ್ಟರೆ ಉಂಟಾಗುವ ಸಾವಿಗೆ ಅವನು ಹೊಣೆಯೇ ಅಲ್ಲವೇ ಎಂಬುದನ್ನು.